ಎಲೆ ಎತ್ತಿದ ಮೇಲೆ

ಹಂಪಿಯಲ್ಲಿ ಭೋಜನಶಾಲೆ ಎಂದು ಕರೆಯುವ ಜಾಗವೊಂದಿದೆ. ನೀರು ಹರಿಯುತ್ತಿದ್ದ ಉದ್ದನೆಯ ಕಾಲುವೆ, ಅದರ ಎರಡೂ ದಡಕ್ಕೆ ಸಾಲು ಸಾಲು ಕಲ್ಲಿನ ತಟ್ಟೆಗಳು. ಅನ್ನಕ್ಕೆ ಅಗಲದ ಗುಳಿ, ಪಲ್ಯ ಸಾರಿಗೆ ಚಿಕ್ಕವು. ಉಂಡು ಏಳಬೇಕು, ನೀರು ಚೆಲ್ಲಿ ತೊಳೆಯಬೇಕು, ಅಷ್ಟೇ. ಆ ಸಾಲಿನ ಮುಂದೆ ನಿಂತಾಗಲೆಲ್ಲ ನಮ್ಮ ಸಮಾರಂಭಗಳ ಹಿತ್ತಿಲಿನ ಕಸದ ರಾಶಿ ನೆನಪಾಗಿ ನನಗೆ ಸಂಕಟವಾಗುತ್ತದೆ.

ಅಲ್ಲಿಂದ ತುಸು ದೂರದಲ್ಲೇ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ. ಅದರ ಘಟಿಕೋತ್ಸವದ ಹೆಸರೇ ನುಡಿಹಬ್ಬ. ನಾಡೋಜ ಗೌರವ ಸಲ್ಲುವುದೂ ಅಲ್ಲೇ. ಹಬ್ಬವೆಂದ ಮೇಲೆ ಜನ, ಊಟ, ಬ್ಯಾನರು ಇದ್ದದ್ದೇ. ಫ್ಲೆಕ್ಸ್, ಥರ್ಮಾಕೋಲ್, ಪ್ಲಾಸ್ಟಿಕ್ ಲೋಟಗಳನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ. ಆದರೆ ನಿಷೇಧಕ್ಕಿಂತ ಮುಂಚಿನ ಕೆಲಸ ಯೋಜನೆಯದು. ಎಷ್ಟು ಜನ ಉಣ್ಣುತ್ತಾರೆ ಎಂದು ವಾರ ಮೊದಲೇ ಕೇಳಿಕೊಂಡರೆ ಅನ್ನ ತಿಪ್ಪೆಗೆ ಹೋಗುವುದಿಲ್ಲ. ಕಂಪ್ಲಿ, ಹೊಸಪೇಟೆಯ ತೋಟಗಳಲ್ಲಿ ಬಾಳೆ ಇದೆ. ಎಲೆ ತರಿಸಬಹುದು, ಉಂಡೆಲೆ ದನಕ್ಕೋ ಗೊಬ್ಬರದ ಗುಂಡಿಗೋ ಸೇರುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆ ಕಸೂತಿ ಹಾಕುವ ತಾಯಂದಿರ ಕೈಯಿಂದ ವೇದಿಕೆಗೊಂದು ಬಟ್ಟೆಯ ಪರದೆ ಹೊಲಿಸಿ, ಇಸವಿ ಬರೆಯಿಸದಿದ್ದರೆ ಹತ್ತು ವರ್ಷ ಬಾಳುತ್ತದೆ. ಅತಿಥಿಗಳಿಗೆ ಹೊಸಪೇಟೆ ರೈಲು ನಿಲ್ದಾಣದಿಂದ ಒಂದೇ ಬಸ್ಸು ಸಾಕು, ಇಪ್ಪತ್ತು ಕಾರು ಬೇಡ.

ನಿಮ್ಮ ಕಾಲೇಜಿನಲ್ಲೂ ವಾರ್ಷಿಕೋತ್ಸವ ಬರುತ್ತದೆ. ಆಹ್ವಾನಪತ್ರಿಕೆಯ ಕೊನೆಗೆ ಒಂದು ಸಾಲು ಸೇರಿಸಿ: ಬರುವಾಗ ನಿಮ್ಮ ನೀರಿನ ಬಾಟಲಿ ತನ್ನಿ, ತುಂಬಿಸಿಕೊಡುತ್ತೇವೆ.