ಹಬ್ಬದ ಮೊದಲ ತುತ್ತು ಯಾರಿಗೆ?



ಹಬ್ಬಕ್ಕೆ ಸಂಸ್ಕೃತದಲ್ಲಿ ‘ಪರ್ವ’ ಎಂದು ಹೆಸರು. ಪರ್ವವೆಂದರೆ ಗಿಣ್ಣು ಎಂದೂ ಅರ್ಥವುಂಟು. ಕಬ್ಬು ನೆಡುವ ರೈತನಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ರಸವು ಗಿಣ್ಣುಗಳ ನಡುವೆ ತುಂಬಿದ್ದರೂ ಕಣ್ಣೊಡೆದು ಮೊಳೆಯುವುದು ಗಿಣ್ಣಿನಲ್ಲಿಯೇ. ಹಬ್ಬವು ವರ್ಷದ ಗಿಣ್ಣು. ಅಲ್ಲಿ ಮೊಳೆಯಬೇಕಾದುದು ಯಾವುದು? ದಯೆ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಮಾತಲ್ಲ. ಮುಸಲ್ಮಾನ ಬಾಂಧವರು ರಂಜಾನ್ ಮಾಸದ ಉಪವಾಸ ಮುಗಿಸಿ ಹಬ್ಬ ಮಾಡುವುದನ್ನು ನೀವೆಲ್ಲ ಬಲ್ಲಿರಿ. ಹಬ್ಬದ ನಮಾಜಿಗೆ ಮುನ್ನವೇ ‘ಫಿತ್ರಾ’ ಸಲ್ಲಬೇಕೆಂಬುದು ಅವರ ಕಟ್ಟಳೆ. ಮನೆಯ ಹಸುಗೂಸನ್ನೂ ಬಿಡದೆ ಒಬ್ಬೊಬ್ಬರ ಹೆಸರಿನಲ್ಲಿ ಧಾನ್ಯವನ್ನೋ ಅದರ ಬೆಲೆಯನ್ನೋ ಬಡವರಿಗೆ ಮುಟ್ಟಿಸಬೇಕು. ಅದರ ಹಳೆಯ ಅಳತೆ ‘ಸಾ’; ಎಂದರೆ ನಾಲ್ಕು ಬೊಗಸೆ. ಹಬ್ಬದ ದಿನ ಬಡವನು ಕೈಯೊಡ್ಡಿ ನಿಲ್ಲಬಾರದು, ಅವನ ಮನೆಯಲ್ಲಿಯೂ ಒಲೆ ಉರಿಯಬೇಕು ಎಂಬುದೇ ಇದರ ತಾತ್ಪರ್ಯ.

ಯಹೂದಿಗಳಿಗೆ ‘ಪೂರಿಮ್’ ಎಂಬ ಹಬ್ಬವುಂಟು. ಆ ದಿನ ಪ್ರತಿಯೊಬ್ಬನೂ ಕನಿಷ್ಠ ಇಬ್ಬರು ಬಡವರಿಗೆ ದಾನ ಕೊಡಲೇಬೇಕು. ಕಲ್ಯಾಣದಲ್ಲಿ ಶರಣರು ದಾಸೋಹ ನಡೆಸಿದ 12ನೆಯ ಶತಮಾನದಲ್ಲಿಯೇ ಬಾಳಿದ ಮೈಮೊನಿಡೀಸ್ ಎಂಬ ಯಹೂದಿ ಪಂಡಿತನು, ತನ್ನ ಔತಣವನ್ನು ಹೆಚ್ಚಿಸಿಕೊಳ್ಳುವುದಕ್ಕಿಂತ ಬಡವರ ಪಾಲನ್ನು ಹೆಚ್ಚಿಸುವುದೇ ಮೇಲೆಂದು ವಿಧಿಸಿದನು. ಪೋಲೆಂಡ್ ದೇಶದ ಕ್ರೈಸ್ತರು ಡಿಸೆಂಬರ್ 24ರ ರಾತ್ರಿ ಊಟಕ್ಕೆ ಕೂಡುವಾಗ ಒಂದು ತಟ್ಟೆಯನ್ನು ಹೆಚ್ಚಾಗಿ ಇಡುತ್ತಾರೆ. ಅದು ಕರೆಯದೆ ಬಂದ ಅತಿಥಿಯ ತಟ್ಟೆ.

ಇವರು ಒಬ್ಬರನ್ನು ನೋಡಿ ಒಬ್ಬರು ಕಲಿತರೋ ಇಲ್ಲವೋ, ಆ ವಿಚಾರ ಬೇಡ. ತನ್ನ ತುತ್ತಿಗೆ ಮುನ್ನ ಪರರ ತುತ್ತನ್ನು ನೆನೆಯುವುದೇ ಹಬ್ಬವೆಂದು ಎಲ್ಲರೂ ಕಂಡುಕೊಂಡರು.

ಈಗ ನಮ್ಮ ಮಾತಿಗೆ ಬರೋಣ. ಕಳೆದ ಜಾತ್ರೆಯಲ್ಲಿ ಸಾವಿರಾರು ಜನ ಪ್ರಸಾದ ಸ್ವೀಕರಿಸಿದರೆಂದು ನಾವು ಸಂತೋಷಪಟ್ಟೆವು. ಮರುದಿನ ತಿಳಿಯಿತು: ತೇರಿನ ಮುಂದೆ ಇಡೀ ದಿನ ಡೊಳ್ಳು ಬಾರಿಸಿದವರೂ, ಪಾತ್ರೆ ತಿಕ್ಕಿದ ತಾಯಂದಿರೂ ಕಡೆಯ ಪಂಕ್ತಿಗೆ ಕಾದು ಕುಳಿತರಂತೆ; ಅವರ ಸರದಿ ಬರುವ ಹೊತ್ತಿಗೆ ಹುಗ್ಗಿ ತೀರಿತ್ತಂತೆ. ಒಬ್ಬರೂ ದೂರು ಹೇಳಲಿಲ್ಲ. ನಮ್ಮ ಪ್ರಸಾದವಾದರೋ ಹೊತ್ತಿಗೆ ಸರಿಯಾಗಿ ಆಗಿತ್ತು! ಈ ತಪ್ಪು ಅಡಿಗೆಯವರದಲ್ಲ, ಪೀಠದ ಮೇಲೆ ಕುಳಿತ ನಮ್ಮದು. ದಾಸೋಹದ ಹೆಸರು ಹೇಳುವ ಮಠದಲ್ಲಿ ದುಡಿದವರೇ ಹಸಿದು ಹೋದರೆ ಆ ಜಾತ್ರೆ ಬರಿಯ ಸಂತೆಯಾಯಿತು.

ಆದುದರಿಂದ ಈ ವರ್ಷ ಮೊದಲ ಪಂಕ್ತಿ ಅವರದು. ಬಡಿಸುವವರು ಸಮಿತಿಯ ಹಿರಿಯರು. ಅವರು ಉಂಡೆದ್ದ ಮೇಲೆಯೇ ನಮ್ಮ ಪ್ರಸಾದ. ನೀವೂ ನಿಮ್ಮ ಮನೆಯ ಹಬ್ಬದಲ್ಲಿ ಎಲೆ ಹಾಕುವ ಮುನ್ನ ಒಮ್ಮೆ ಬಾಗಿಲಿಗೆ ಬಂದು ಬೀದಿಯನ್ನು ನೋಡಿರಿ.

ಸರ್ವರಿಗೂ ಸನ್ಮಂಗಳವಾಗಲಿ.