ತುಕ್ಕಿನ ನಡಿಗೆ

ಗದಗಿನಿಂದ ಬಾಗಲಕೋಟೆಯ ಕಡೆಗೆ ರೈಲಿನಲ್ಲಿ ಹೊರಟವರಿಗೆ, ಬಾದಾಮಿ ಬರುವುದಕ್ಕೆ ಮೊದಲು, ಹೊಳೆಆಲೂರು ಎಂಬ ನಿಲ್ದಾಣ ಸಿಕ್ಕುತ್ತದೆ. ಹೆಸರೇ ಸಾರುವಂತೆ ಅದು ಹೊಳೆಯ ದಂಡೆಯ ಊರು. ಆ ಹೊಳೆ ಮಲಪ್ರಭೆ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಎರೆಯ ನೆಲ. 2009ನೆಯ ಇಸವಿಯ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿ ಮಲಪ್ರಭೆ ಉಕ್ಕಿ ಬಂದು ಆ ದಂಡೆಯ ಹಳ್ಳಿಗಳನ್ನು ಮುಳುಗಿಸಿದುದು ಶ್ರೋತೃಗಳಲ್ಲಿ ಅನೇಕರಿಗೆ ನೆನಪಿರಬಹುದು. ನೆರೆ ಇಳಿದ ಕೆಲವು ವಾರಗಳ ಮೇಲೆ ನಾನು ಅಲ್ಲಿಯ ಬಂಧುಗಳ ಮನೆಗೆ ಹೋಗಿದ್ದೆ. ಹಿತ್ತಿಲಿನಲ್ಲಿ ನೇಗಿಲಿನ ಕುಳವೊಂದು ಅರ್ಧ ಕೆಸರಿನಲ್ಲಿ ಹೂತು ಬಿದ್ದಿತ್ತು. ಕೆಸರು ಒಣಗಿ ಹೆಂಟೆಯಾಗಿ ಅದಕ್ಕೆ ಅಂಟಿಕೊಂಡಿತ್ತು. ಗಾಳಿಗೆ ತೆರೆದಿದ್ದ ಭಾಗದ ಮೇಲೆ ತೆಳುವಾದ ಕೆಂಪು ತುಕ್ಕು ಮಾತ್ರ ಇತ್ತು. ಹೆಂಟೆಯನ್ನು ಕಿತ್ತು ನೋಡಿದರೆ, ಅದರ ಕೆಳಗೆ ಕಬ್ಬಿಣವನ್ನು ಯಾರೋ ಕೊರೆದಂತೆ ಕುಳಿಗಳು ಬಿದ್ದಿದ್ದುವು.

ಮನೆಯ ಹುಡುಗ ಆಗ ಪದವಿಪೂರ್ವ ತರಗತಿಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ. ಅವನು ಕೇಳಿದ: "ಕಬ್ಬಿಣ ತುಕ್ಕಾಗುವುದು ಖಂಡಿತವೆಂದು ನಮ್ಮ ಪುಸ್ತಕ ಹೇಳುತ್ತದೆ. ಖಂಡಿತವಾದ ಮೇಲೆ ಎಣ್ಣೆ ಸವರಿ, ಬಣ್ಣ ಬಳಿದು ಏನು ಫಲ?" ಇದು ಸಣ್ಣ ಪ್ರಶ್ನೆಯಲ್ಲ. ಈ ಹೊತ್ತಿನ ನನ್ನ ಭಾಷಣವೆಲ್ಲ ಇದಕ್ಕೆ ಉತ್ತರ.

ರಾಸಾಯನಿಕ ಕ್ರಿಯೆಯ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ಕ್ರಿಯೆ ನಡೆಯಬಲ್ಲುದೆ ಎಂಬುದು ಒಂದು. ನಡೆಯುವುದಾದರೆ ಎಷ್ಟು ಬೇಗ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ವಿದ್ಯಾರ್ಥಿಗಳ ತಪ್ಪುಗಳಲ್ಲಿ ಬಹುಪಾಲು ಹುಟ್ಟುತ್ತವೆ. ಮಲಪ್ರಭೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟಿ, ಸುಮಾರು 490 ಮೀಟರ್ ಎತ್ತರದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನೀರು ಕೆಳಗೆ ಬಂದೇ ಬರುವುದೆಂದು ಆ ಎತ್ತರದ ಅಂತರ ಹೇಳುತ್ತದೆ. ಆದರೆ ಯಾವಾಗ ಬರುವುದೆಂದು ಅದು ಹೇಳಲಾರದು. ಅದನ್ನು ಹೇಳುವುದು ನವಿಲುತೀರ್ಥದ ಅಣೆಕಟ್ಟಿನ ಬಾಗಿಲು.

ವಿದ್ಯುದ್ರಸಾಯನದಲ್ಲಿ ಎತ್ತರದ ಸ್ಥಾನವನ್ನು ವೋಲ್ಟು ವಹಿಸುತ್ತದೆ. ಲೋಹಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಪ್ರವೃತ್ತಿಯನ್ನು ಜಲಜನಕಕ್ಕೆ ಹೋಲಿಸಿ ಅಳೆದಿದ್ದಾರೆ. ಆ ಪಟ್ಟಿಯಲ್ಲಿ ತಾಮ್ರಕ್ಕೆ +0.34 ವೋಲ್ಟು, ಕಬ್ಬಿಣಕ್ಕೆ −0.44, ಸತುವಿಗೆ −0.76, ಅಲ್ಯೂಮಿನಿಯಮ್ಮಿಗೆ −1.66. ಋಣಸಂಖ್ಯೆ ದೊಡ್ಡದಾದಷ್ಟೂ ಲೋಹ ಕರಗುವ ಆತುರ ಹೆಚ್ಚು. ಹಾಗಾದರೆ ಕಬ್ಬಿಣದ ಕುಳಕ್ಕಿಂತ ಮೊದಲೇ ಅಡಿಗೆಮನೆಯ ಅಲ್ಯೂಮಿನಿಯಂ ಪಾತ್ರೆ ಪುಡಿಯಾಗಬೇಕಷ್ಟೆ? ಆಗುವುದಿಲ್ಲ. ಗಾಳಿ ಸೋಕಿದೊಡನೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ, ಆದರೆ ಬಿಗಿಯಾದ ಆಕ್ಸೈಡಿನ ಪೊರೆ ಹಬ್ಬುತ್ತದೆ. ಒಳಗಿನ ಲೋಹಕ್ಕೆ ಅದೇ ಕವಚ. ಎತ್ತರ ಬಹಳ, ಆದರೆ ಬಾಗಿಲು ಮುಚ್ಚಿದೆ. ಕಬ್ಬಿಣದ ತುಕ್ಕಾದರೋ ಸಡಿಲವಾದುದು, ಬಿರುಕುಬಿಟ್ಟು ಉದುರುವಂಥದು. ಅದು ಬಾಗಿಲನ್ನು ಮುಚ್ಚಲಾರದು.

ಈ ಬಾಗಿಲಿನ ವಿಷಯವನ್ನು ಸ್ವೀಡನ್ನಿನ ಅರ್ಹೀನಿಯಸ್ 1889ರಲ್ಲಿ ಸ್ಪಷ್ಟಪಡಿಸಿದನು. ಅಣುಗಳು ಒಂದನ್ನೊಂದು ತಾಗಿದ ಮಾತ್ರಕ್ಕೆ ಕ್ರಿಯೆ ನಡೆಯದು. ನಡುವೆ ಒಂದು ದಿಣ್ಣೆಯಿದೆ, ಅದನ್ನು ಏರುವಷ್ಟು ಶಕ್ತಿಯುಳ್ಳ ಅಣುಗಳು ಮಾತ್ರ ಆಚೆಗೆ ದಾಟುತ್ತವೆ. ಶಾಖ ಏರಿದರೆ ಅಂಥ ಅಣುಗಳ ಸಂಖ್ಯೆಯೂ ಏರುತ್ತದೆ. ಅನೇಕ ಕ್ರಿಯೆಗಳಲ್ಲಿ ಹತ್ತು ಡಿಗ್ರಿ ಶಾಖ ಹೆಚ್ಚಿದರೆ ವೇಗ ಹೆಚ್ಚುಕಡಮೆ ಇಮ್ಮಡಿಯಾಗುವುದು ಇದರಿಂದಲೇ. ಬೇಸಗೆಯಲ್ಲಿ ಹಾಲು ಬೇಗ ಹುಳಿಯುವುದನ್ನು ಕಂಡ ಗೃಹಿಣಿಗೆ ಶಾಖದ ಈ ಮಹಿಮೆ ಹೊಸದಲ್ಲ.

ಈಗ ಕುಳದ ಕುಳಿಗೆ ಬರೋಣ. ತುಕ್ಕು ಹಿಡಿಯುವ ಕಬ್ಬಿಣವೆಂದರೆ ಒಂದು ಪುಟ್ಟ ವಿದ್ಯುತ್ಕೋಶ. ಒಂದು ಕಡೆ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿನಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಕಡೆಗೆ ಹೋಗಿ, ಅಲ್ಲಿ ಆಮ್ಲಜನಕವನ್ನೂ ನೀರನ್ನೂ ಕೂಡಿಕೊಳ್ಳುತ್ತವೆ. ಆಮ್ಲಜನಕ ಧಾರಾಳವಾಗಿ ಸಿಗುವ ಭಾಗ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಆಮ್ಲಜನಕ ಸಿಗದ ಭಾಗ ಕರಗುತ್ತದೆ. ಕೇಂಬ್ರಿಜಿನ ಇವಾನ್ಸರು 1920ರ ದಶಕದಲ್ಲಿ ಉಪ್ಪುನೀರಿನ ಒಂದೇ ಹನಿಯನ್ನು ಕಬ್ಬಿಣದ ಮೇಲಿಟ್ಟು ಇದನ್ನು ತೋರಿಸಿದರು: ಹನಿಯ ಅಂಚಿಗೆ ಗಾಳಿ, ನಡುವಿಗೆ ಕುಳಿ. ನಮ್ಮ ಕುಳದ ಮೇಲೆ ಹಸಿಯಾದ ಹೆಂಟೆ ಮಾಡಿದುದು ಇದನ್ನೇ. ಮುಚ್ಚಿದ ಕಡೆ ಕ್ಷೇಮವೆಂದು ನಾವು ತಿಳಿದಿದ್ದೆವು. ಸವೆದದ್ದು ಮುಚ್ಚಿದ ಕಡೆಯೇ. ನೀರಿನಲ್ಲಿ ಉಪ್ಪಿನ ಅಂಶವಿದ್ದರೆ ವಿದ್ಯುತ್ತು ಮತ್ತೂ ಸುಗಮವಾಗಿ ಹರಿದು ಸವೆತ ಹೆಚ್ಚುತ್ತದೆ.

ವಿದ್ಯಾರ್ಥಿಗಳು ಇದನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣಬಹುದು. ಅಗರ್ ಅಗರಿನ ಬಿಸಿ ದ್ರವಕ್ಕೆ ಸ್ವಲ್ಪ ಉಪ್ಪು, ಕೆಲವು ಹನಿ ಫಿನಾಲ್ಫ್ಥಲೀನ್, ಕೊಂಚ ಪೊಟಾಸಿಯಂ ಫೆರಿಸಯನೈಡ್ ಸೇರಿಸಿ, ಶುಭ್ರವಾದ ಮೊಳೆಯ ಮೇಲೆ ಸುರಿದು ಮರುದಿನದವರೆಗೆ ಬಿಡಬೇಕು. ಬಡಿತ ತಿಂದಿರುವ ತಲೆ ಮತ್ತು ತುದಿಗಳಲ್ಲಿ ಸಾಮಾನ್ಯವಾಗಿ ನೀಲಿ ಬಣ್ಣ ಮೂಡುವುದು. ಅಲ್ಲಿ ಕಬ್ಬಿಣ ಕರಗುತ್ತಿದೆ. ನಡುವೆ ಗುಲಾಬಿ ಬಣ್ಣ. ಅಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನು ಪಡೆದು ಕ್ಷಾರವಾಗುತ್ತಿದೆ.

ಹೀಗೆ ತುಕ್ಕು ವಿದ್ಯುತ್ಪ್ರವಾಹವೇ ಆದ ಮೇಲೆ ಅದರ ವೇಗವನ್ನು ಆಂಪಿಯರುಗಳಲ್ಲಿಯೇ ಅಳೆಯಬಹುದು. ಫ್ಯಾರಡೆಯ ನಿಯಮದಂತೆ ಲೆಕ್ಕ ಹಾಕಿದರೆ, ಒಂದು ಆಂಪಿಯರ್ ಪ್ರವಾಹ ಒಂದು ವರ್ಷ ಎಡೆಬಿಡದೆ ಹರಿದರೆ ಸುಮಾರು 9 ಕಿಲೋಗ್ರಾಂ ಕಬ್ಬಿಣ ಕರಗುತ್ತದೆ. ಅದರ ಸಾವಿರದಲ್ಲೊಂದು ಪಾಲು ಹರಿದರೆ ಕೇವಲ 9 ಗ್ರಾಂ. ಎರಡು ಸಂದರ್ಭಗಳಲ್ಲಿಯೂ ವೋಲ್ಟು ಒಂದೇ ಇರಬಹುದು, ಕಬ್ಬಿಣದ ಹಣೆಬರಹವೂ ಒಂದೇ. ಆದರೆ ಒಂದರಲ್ಲಿ ಕುಳ ವರ್ಷದೊಳಗೆ ಮುಗಿಯುತ್ತದೆ. ಇನ್ನೊಂದರಲ್ಲಿ ಅದು ಮೊಮ್ಮಕ್ಕಳ ಕೈಗೆ ಬರುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಣ್ಣೆಯಾಗಲಿ ಬಣ್ಣವಾಗಲಿ ವೋಲ್ಟನ್ನು ಬದಲಿಸುವುದಿಲ್ಲ. ನೀರನ್ನೂ ಆಮ್ಲಜನಕವನ್ನೂ ತಡೆದು ಪ್ರವಾಹವನ್ನು ಕ್ಷೀಣಗೊಳಿಸುತ್ತದೆ. ಸತುವಿನ ಲೇಪವಾದರೆ ತಾನು ಮುಂದಾಗಿ ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಈ ಉಪಾಯದ ತತ್ತ್ವವನ್ನು 1824ರಲ್ಲಿ ಹಂಫ್ರಿ ಡೇವಿ ಇಂಗ್ಲೆಂಡಿನ ನೌಕಾಪಡೆಗೆ ಸೂಚಿಸಿದ. ಹಡಗಿನ ತಾಮ್ರದ ತಗಡಿಗೆ ಸತುವನ್ನೋ ಕಬ್ಬಿಣವನ್ನೋ ಜೋಡಿಸಿದಾಗ ತಾಮ್ರ ಉಳಿಯಿತು. ಆದರೆ ಕರಗದ ತಾಮ್ರಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡು ಹಡಗಿನ ಓಟವೇ ತಗ್ಗಿತು! ದೆಹಲಿಯ ಕಬ್ಬಿಣದ ಕಂಬವನ್ನು ನೋಡಿ. ಅದು ಸುಮಾರು 1600 ವರ್ಷಗಳಿಂದ ಬಿಸಿಲು ಮಳೆಗಳಲ್ಲಿ ನಿಂತಿದೆ. ಪ್ರಕೃತಿನಿಯಮ ಅದಕ್ಕೆ ವಿನಾಯಿತಿ ಕೊಟ್ಟಿಲ್ಲ. ಆ ಕಬ್ಬಿಣದಲ್ಲಿರುವ ರಂಜಕ ಅದರ ಮೇಲೆ ರಕ್ಷಕವಾದ ಪೊರೆಯೊಂದನ್ನು ಕಟ್ಟಲು ನೆರವಾಯಿತು. ತುಕ್ಕಿನ ನಡಿಗೆ ನಿಧಾನವಾಯಿತು, ಅಷ್ಟೆ.

ಆಗುವುದು ಆಗಿಯೇ ತೀರುತ್ತದೆ ಎಂಬ ಮಾತು ವಿಜ್ಞಾನದಲ್ಲಿ ಅರ್ಧ ಸತ್ಯ. ಎಷ್ಟು ಬೇಗ ಎಂಬುದು ಉಳಿದರ್ಧ. ಮನುಷ್ಯನ ಕೈ ಕೆಲಸಮಾಡುವುದು ಅಲ್ಲಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಆ ದಂಡೆಗಳನ್ನು ಮೀರಿತು. ಹುಡುಗ ಅಷ್ಟರಲ್ಲಿ ಮನೆಯ ಯಜಮಾನನಾಗಿದ್ದ. ನೀರು ಇಳಿದ ದಿನವೇ ಕುಳಗಳನ್ನೆಲ್ಲ ತೊಳೆದು, ಒರಸಿ, ಎಣ್ಣೆ ಸವರಿ ಅಟ್ಟದ ಮೇಲಿಟ್ಟೆನೆಂದು ನನಗೆ ಹೇಳಿಕಳಿಸಿದ.