ಎರಡು ನೀಲಗಿರಿ ಮರಗಳು



ನೀಲಗಿರಿ ಎಂದರೆ ನಮಗೆಲ್ಲ ಒಂದೇ ಮರ. ಆದರೆ ದಕ್ಷಿಣ ಭಾರತದ ಬಯಲಿನಲ್ಲೂ ತಗ್ಗು ಗುಡ್ಡಗಳಲ್ಲೂ ನೆಟ್ಟಿರುವ ನೀಲಗಿರಿಯಲ್ಲಿ ಅಕ್ಕತಂಗಿಯರಂತಿರುವ ಎರಡು ಜಾತಿಗಳು ಮುಖ್ಯವಾದವು. ಎರಡಕ್ಕೂ ತವರು ಆಸ್ಟ್ರೇಲಿಯ.

ಮೊದಲನೆಯದು ಟೆರೆಟಿಕಾರ್ನಿಸ್. 1790ರ ಸುಮಾರಿಗೆ, ಟಿಪ್ಪುವಿನ ಕಾಲದಲ್ಲಿ, ನಂದಿಬೆಟ್ಟದಲ್ಲಿ ನೆಟ್ಟ ಮರಗಳ ಸಂತಾನ ಇದೆನ್ನುತ್ತಾರೆ. ‘ಮೈಸೂರು ಗಮ್’ ಎಂಬ ಹೆಸರು ಬಂದದ್ದು ಹಾಗೆ. ಎರಡನೆಯದು ಕಮಾಲ್ಡುಲೆನ್ಸಿಸ್, ತವರಿನಲ್ಲಿ ಹೊಳೆದಂಡೆಯ ಮರ.

ತೊಗಟೆ, ಎಲೆ ನೋಡಿದರೆ ಮೋಸಹೋಗುತ್ತೀರಿ. ಮೊಗ್ಗನ್ನು ನೋಡಿ. ಪ್ರತಿ ಮೊಗ್ಗಿಗೂ ಒಂದು ಟೊಪ್ಪಿಗೆ ಇರುತ್ತದೆ. ಹೂ ಅರಳುವಾಗ ಅದು ಕಳಚಿ ಬೀಳುತ್ತದೆ. ಟೆರೆಟಿಕಾರ್ನಿಸ್‌ನ ಟೊಪ್ಪಿಗೆ ಉದ್ದ, ಕೊಂಬಿನಂತೆ. ಆ ಹೆಸರಿನ ಅರ್ಥವೇ ‘ಉರುಟು ಕೊಂಬು’. ಕಮಾಲ್ಡುಲೆನ್ಸಿಸ್‌ನದು ಸಾಮಾನ್ಯವಾಗಿ ಗಿಡ್ಡ, ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಚೂಪು. ಹೂವಿಲ್ಲದಿದ್ದರೆ ಬೀಜ ನೋಡಿ: ಮೊದಲನೆಯದು ಕಪ್ಪು ಛಾಯೆಯದು, ಎರಡನೆಯದು ಹಳದಿ. ಇವೆರಡೂ ಒಂದರೊಡನೊಂದು ಬೆರೆಯುವುದರಿಂದ ನಡುವಿನ ರೂಪದ ಮರಗಳೂ ಸಿಗುತ್ತವೆ.

ಗುಣದಲ್ಲೂ ವ್ಯತ್ಯಾಸವಿದೆ. ಬರ, ಉಪ್ಪುಮಣ್ಣು, ನಿಂತ ನೀರು, ಇವನ್ನು ಕಮಾಲ್ಡುಲೆನ್ಸಿಸ್ ಹೆಚ್ಚು ತಾಳಿಕೊಳ್ಳುತ್ತದೆ. ಮಳೆ ಜಾಸ್ತಿಯಿರುವ ಕೇರಳದಲ್ಲಿ ಟೆರೆಟಿಕಾರ್ನಿಸ್ ನೆಡುತೋಪುಗಳು ಪಿಂಕ್ ರೋಗಕ್ಕೆ ತುತ್ತಾದವು. ರಬ್ಬರ್ ಬೆಳೆಗಾರರಿಗೆ ಈ ಶಿಲೀಂಧ್ರದ ಪರಿಚಯ ಚೆನ್ನಾಗಿಯೇ ಇದೆ.

ಇನ್ನು ನೀರಿನ ವಿಚಾರ. ಹೊಸಕೋಟೆಯ ಬಳಿ ಆಳವಾದ ಮಣ್ಣಿನಲ್ಲಿ ನಡೆದ ಅಧ್ಯಯನದ ಫಲಿತಾಂಶ 1990ರ ದಶಕದ ಆರಂಭದಲ್ಲಿ ಪ್ರಕಟವಾಯಿತು. ನೀಲಗಿರಿ ತೋಪು ಮಳೆಯಿಂದ ಬಂದಷ್ಟು ನೀರನ್ನೂ, ಅದಕ್ಕೂ ಮಿಕ್ಕಿ ಮಣ್ಣಿನಾಳದ ನೀರನ್ನೂ ಹೀರಿದ್ದು ಅಲ್ಲಿ ಕಂಡುಬಂತು. 2017ರಲ್ಲಿ ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆಯಲ್ಲ, ನಮಗೇನು ಚಿಂತೆ ಎನ್ನಬಹುದು. ಆದರೆ ಆ ಮಳೆಯ ಬಹುಪಾಲು ಕೆಲವೇ ತಿಂಗಳಲ್ಲಿ ಸುರಿದು ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಬೇಸಗೆಯಲ್ಲಿ ನಮ್ಮ ಸುರಂಗಗಳಲ್ಲಿ ತೊಟ್ಟಿಕ್ಕುವುದು ಮುರಕಲ್ಲಿನ ಗುಡ್ಡ ಕುಡಿದು ಉಳಿಸಿಕೊಂಡ ನೀರು. ಕುಡಿಯಲಿಕ್ಕೂ ಕಂಗಿನ ತೋಟಕ್ಕೂ ಅದನ್ನೇ ನಂಬಿದ ಮನೆಗಳಿವೆ. ಈ ಎರಡು ಮರಗಳೂ ವರ್ಷವಿಡೀ ಹಸುರಾಗಿದ್ದು, ಬೇರನ್ನು ಆಳಕ್ಕೆ ಇಳಿಸುವಂಥವು.

ಆದುದರಿಂದ ಸಸಿ ಕೊಳ್ಳುವಾಗ ಜಾತಿ ಯಾವುದೆಂದು ಕೇಳಿ ತಿಳಿಯಿರಿ; ರೋಗ, ಮಣ್ಣು ಎರಡಕ್ಕೂ ಅದು ಮುಖ್ಯ. ಆದರೆ ಸುರಂಗದ ಮೇಲಣ ಗುಡ್ಡದಲ್ಲಿ ಮಾತ್ರ ಅಕ್ಕನೂ ಬೇಡ, ತಂಗಿಯೂ ಬೇಡ.